ಕಮಲಾವತಿಯ ಪಟ್ಟಿಯ ಹತ್ತನೇ ಹೆಸರು

ಕಮಲಕ್ಕನ ಬಗ್ಗೆ ಬರೆಯುವ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಅಡಗಿಸಿಟ್ಟಿದ್ದೆ ಎಂದು ನೀವು ತಿಳಿದುಕೊಳ್ಳುತ್ತೀರಿ. ಮೊದಲೇ ಹೇಳಿದರೆ ಬೈದು ಮುಗಿಸಬಹುದು.

ನಾನು ಸರಸ. ಮಡಂತ್ಯಾರು ಪೇಟೆಯಿಂದ ಐದು ಕಿಲೋಮೀಟರ್ ಒಳಗಿರುವ ಆರೋಗ್ಯ ಉಪಕೇಂದ್ರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ನರ್ಸ್. ೨೦೨೧ರ ಏಪ್ರಿಲ್‌ನಲ್ಲಿ, ಕೊರೊನಾದ ಎರಡನೇ ಅಲೆ ಏಳುತ್ತಿದ್ದಾಗ, ಕಮಲಾವತಿ ನನ್ನ ಮೇಜಿನ ಮುಂದೆ ಬಂದು ನಿಂತು ಕೇಳಿದ್ದರು: "ಸಿಸ್ಟರ್, ಮುಂಡಪ್ಪಣ್ಣನಿಗೆ ಮನೆಗೇ ಹೋಗಿ ಲಸಿಕೆ ಕೊಡ್ಲಿಕ್ಕೆ ಆಗ್ತದಾ?"

ನಾನು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ಶಾಲೆಯಲ್ಲಿ ಕ್ಯಾಂಪ್ ಉಂಟಲ್ಲ, ಕರ್ಕೊಂಡು ಬರ್ಲಿ" ಎಂದೆ.

ಮುಂಡಪ್ಪ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಎಂಟು ವರ್ಷದಿಂದ ಮಲಗಿದಲ್ಲೇ ಇದ್ದವರು. ಅವರ ಮನೆ ರಸ್ತೆಯಿಂದ ಕೆಳಗೆ. ಮುರಕಲ್ಲಿನಲ್ಲಿ ಕಡಿದ ಅರವತ್ತು ಮೆಟ್ಟಿಲು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ತರಲು ನಾಲ್ಕು ಗಂಡಸರು ಬೇಕು, ಆ ದಿನಗಳಲ್ಲಿ ಇನ್ನೊಬ್ಬರ ಮನೆಯ ಅಂಗಳಕ್ಕೆ ಕಾಲಿಡುವ ಗಂಡಸು ಒಬ್ಬನೂ ಇರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಹಾಗೆ ಹೇಳಿದೆ, ಯಾಕೆಂದರೆ ನಿಯಮ ಹಾಗಿತ್ತು ಮತ್ತು ನನಗೆ ಸುಸ್ತಾಗಿತ್ತು. ಮೇ ತಿಂಗಳ ಎರಡನೇ ವಾರದಲ್ಲಿ ಮುಂಡಪ್ಪ ಕೊರೊನಾದಿಂದ ತೀರಿಕೊಂಡರು.

ಕಮಲಕ್ಕ ಬಂದು ಜಗಳ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಿದ್ದರೆ ನನಗೂ ಹಗುರವಾಗುತ್ತಿತ್ತು. ಅವರು ಬಂದದ್ದು ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ. ಬಾಗಿಲಲ್ಲೇ ನಿಂತು, "ಇನ್ನೊಬ್ಬರನ್ನು ಹಾಗೆ ಬಿಡ್ಲಿಕ್ಕಿಲ್ಲ ಸಿಸ್ಟರ್. ನೀವು ಬಂದರೂ ಸರಿ, ಬಾರದಿದ್ದರೂ ಸರಿ" ಎಂದು ಹೇಳಿ ಹೋದರು. ಆ ದಿನ ನನಗೆ ಊಟ ಸೇರಲಿಲ್ಲ.

ಈಗ ಅವರ ವಿಷಯಕ್ಕೆ ಬರುತ್ತೇನೆ. ಕಮಲಾವತಿ ಹುಟ್ಟಿದ್ದು ಮೂಡುಬಿದಿರೆಯ ಹತ್ತಿರದ ತೋಡಾರಿನಲ್ಲಿ, ಸಾಧಾರಣ ಜೈನ ಕುಟುಂಬದಲ್ಲಿ. ಎರಡನೇ ವರ್ಷದಲ್ಲಿ ಪೋಲಿಯೊ ಬಂದು ಎಡಗಾಲು ಸೊರಗಿತು. ಮೂಡುಬಿದಿರೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹತ್ತು ವರ್ಷ ಶಾಲೆಗೆ ಬಿಟ್ಟರು. ದಾರಿಯಲ್ಲಿ ಯಾರಾದರೂ "ಮಗುವಿನ ಕಾಲಿಗೆ ಎಂತ ಆಯ್ತು?" ಎಂದು ಕೇಳಿದರೆ ಅಪ್ಪ ಸೈಕಲ್ ನಿಲ್ಲಿಸಿ ಉತ್ತರ ಕೊಡುತ್ತಿದ್ದರಂತೆ, ಹಿಂದೆ ಕೂತ ಮಗಳಿಗೆ ಮೈಯೆಲ್ಲ ಉರಿಯುತ್ತಿತ್ತಂತೆ. "ಕೇಳುವವರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ" ಎಂದು ಅವರು ನನ್ನಲ್ಲಿ ಒಮ್ಮೆ ಹೇಳಿದ್ದರು. ಈ ಮಾತು ಮುಂದೆ ಬೇಕಾಗುತ್ತದೆ.

ಮದುವೆಯಾಗಲಿಲ್ಲ. ನಮ್ಮೂರಿನ ಚಿಕ್ಕಮ್ಮನ ಮನೆಗೆ ಬಂದು ನಿಂತರು. ಸುಮಾರು ಹನ್ನೆರಡು ವರ್ಷದ ಹಿಂದೆ ಪಂಚಾಯತಿಗೆ ಒಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಬೇಕು, ಅವರೂ ವಿಕಲಚೇತನರೇ ಆಗಿರಬೇಕು ಎಂದು ಬಂದಾಗ ಕಮಲಕ್ಕ ಅರ್ಜಿ ಹಾಕಿದರು. ಕೆಲಸದ ಹೆಸರು ದೊಡ್ಡದು. ಮಾಡುವುದು ಇಷ್ಟು: ಊರಿನ ಕುಂಟರು, ಕುರುಡರು, ಕಿವುಡರು, ಹಾಸಿಗೆ ಹಿಡಿದವರು ಎಲ್ಲರ ಮನೆಗೆ ಹೋಗಿ ಕಾಗದಪತ್ರ ಸರಿ ಮಾಡಿಸುವುದು, ಕಾರ್ಡು, ಪಿಂಚಣಿ, ಗಾಲಿಕುರ್ಚಿಗಳ ಬೆನ್ನು ಬೀಳುವುದು. ಇಲಾಖೆ ಕೊಟ್ಟ, ಹಿಂದೆ ಎರಡು ಚಕ್ರ ಹೆಚ್ಚು ಇರುವ ಸ್ಕೂಟರಿನಲ್ಲಿ ಅವರು ಹೋಗದ ಓಣಿ ಇಲ್ಲ.

ಅವರಿಗೆ ಒಂದು ವಿಚಿತ್ರ ಅಭ್ಯಾಸ. ಸರ್ಕಾರದ ಸುತ್ತೋಲೆಗಳನ್ನು ಕೊನೆಯ ಸಾಲಿನವರೆಗೆ ಓದುತ್ತಾರೆ. ನಾವೆಲ್ಲ ವಿಷಯ ಎಂಬ ಸಾಲು ಓದಿ ಕಡತಕ್ಕೆ ಸೇರಿಸುವವರು. ಕಮಲಕ್ಕ ಓದಿ, ಗೆರೆ ಎಳೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸ್ಕೂಟರಿನ ಸೀಟಿನ ಕೆಳಗೆ ಇಡುತ್ತಾರೆ. ಮೊದಲ ಲಾಕ್‌ಡೌನಿನಲ್ಲಿ ಒಂದು ಮನೆಗೆ ಫಿಟ್ಸ್ ಮಾತ್ರೆ ತರಲು ಮಾಣಿ ಪೇಟೆಯವರೆಗೆ ಹೋಗಿದ್ದಾಗ ಜಂಕ್ಷನ್ನಿನಲ್ಲಿ ಪೊಲೀಸರು ತಡೆದರಂತೆ. ಪಾಸ್ ಇರಲಿಲ್ಲ. ಕಮಲಕ್ಕ ಸೀಟು ಎತ್ತಿ ಕವರು ತೆಗೆದು, ವಿಕಲಚೇತನರ ಆರೈಕೆಯವರಿಗೆ ಓಡಾಟದ ವಿನಾಯಿತಿ ಎಂಬ ಆದೇಶವನ್ನು ರಸ್ತೆ ಮಧ್ಯದಲ್ಲೇ ಓದಲು ಶುರು ಮಾಡಿದರು. ಎರಡನೇ ಪುಟ ತಿರುಗಿಸುವಾಗ ಪೊಲೀಸಿನವರು, "ಹೋಗಿ ಅಮ್ಮ, ಉಳಿದದ್ದು ಮನೆಯಲ್ಲಿ ಓದಿ" ಎಂದು ಕೈಮುಗಿದರಂತೆ. ಇದನ್ನು ಹೇಳುವಾಗ ಕಮಲಕ್ಕ ನಗುವುದಿಲ್ಲ. "ಮುಖ್ಯದ್ದು ಮೂರನೇ ಪುಟದಲ್ಲಿ ಇತ್ತು" ಎನ್ನುತ್ತಾರೆ.

ಸೆಪ್ಟೆಂಬರಿನಲ್ಲಿ, ಏಳಲಾಗದವರಿಗೆ ಮನೆಗೇ ಹೋಗಿ ಲಸಿಕೆ ಕೊಡಬಹುದು ಎಂಬ ಆದೇಶ ಬಂತು. ನನಗಿಂತ ಮೊದಲು ಕಮಲಕ್ಕನಿಗೆ ಸಿಕ್ಕಿತ್ತು. ಸಂಜೆಯೇ ಬಂದರು. ಈ ಸಲ ನಾನು ತಲೆ ಎತ್ತಿ ನೋಡಿದೆ, ಕುರ್ಚಿ ಎಳೆದು ಕೂರಿಸಿದೆ, ಚಹಾ ಮಾಡಿದೆ. ಆದರೆ ತೊಂದರೆ ನಾನಲ್ಲ, ಬಾಟಲಿ. ಲಸಿಕೆಯ ಒಂದು ಬಾಟಲಿಯಲ್ಲಿ ಹತ್ತು ಡೋಸ್. ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಹತ್ತೂ ಮುಗಿಯಬೇಕು, ಉಳಿದರೆ ಚೆಲ್ಲಬೇಕು, ಚೆಲ್ಲಿದ್ದಕ್ಕೆ ವಿವರಣೆ ಬರೆಯಬೇಕು. ಕ್ಯಾಂಪಿನಲ್ಲಿ ಸಾಲು ನಿಂತವರಿಗೆ ಇದು ಸುಲಭ. ಗುಡ್ಡಕ್ಕೊಂದು ಮನೆ ಇರುವ ಊರಿನಲ್ಲಿ ಹೇಗೆ? ಅದೂ ಅಲ್ಲದೆ, ಚುಚ್ಚಿದ ನಂತರ ಅರ್ಧ ಗಂಟೆ ಪಕ್ಕದಲ್ಲಿ ಕೂತು ನೋಡಬೇಕು. ಹತ್ತು ಮನೆಯ ಅರ್ಧ ಗಂಟೆಯೇ ಐದು ಗಂಟೆಯಾಯಿತು.

ನಮ್ಮ ವೈದ್ಯಾಧಿಕಾರಿಗಳು ಒಳ್ಳೆಯವರೇ, ಆದರೆ ಮೇಲಿನವರ ಪ್ರಶ್ನೆಗೆ ಹೆದರುವವರು. "ಹಾಸಿಗೆ ಹಿಡಿದ ಹತ್ತು ಮಂದಿಯ ಪಟ್ಟಿ ತನ್ನಿ, ಬಾಟಲಿ ಕೊಡ್ತೇನೆ. ಒಂಬತ್ತಾದರೆ ಕೊಡ್ಲಿಕ್ಕಿಲ್ಲ. ದಾರಿಯಲ್ಲಿ ಸಿಕ್ಕವರಿಗೆ ಕೊಟ್ಟು ಸರಿ ಮಾಡುವುದೂ ಬೇಡ" ಎಂದರು.

ಕಮಲಕ್ಕನ ಪುಸ್ತಕದಲ್ಲಿ ಮಲಗಿದಲ್ಲೇ ಇರುವವರು ಆರು ಮಂದಿ. ಎಲ್ಲರೂ ಕಾರ್ಡು ಇದ್ದವರು. ಕಾರ್ಡು ಇಲ್ಲದವರು ಇನ್ನೂ ಇದ್ದಾರೆ ಎಂಬುದು ಅವರಿಗೆ ಗೊತ್ತು, ಆದರೆ ಯಾರ ಮನೆಯಲ್ಲಿ? ನಮ್ಮಲ್ಲಿ ಅಂಥವರನ್ನು ಕೇಳಿಕೊಂಡು ಹೋದರೆ ಬಾಗಿಲಲ್ಲೇ ಬೆಲ್ಲ ನೀರು ಕೊಟ್ಟು, "ಹಾಗೆ ಯಾರೂ ಇಲ್ಲ" ಎಂದು ನಗುತ್ತಾ ಕಳಿಸುತ್ತಾರೆ.

ಆಗ ಅವರಿಗೆ ಹೊಳೆದದ್ದು ಮೀನಿನ ನಿಝಾರ್. ನಿಝಾರ್ ರಿಕ್ಷಾದ ಹಿಂದಿನ ಸೀಟು ಕಳಚಿ ಐಸ್ ಪೆಟ್ಟಿಗೆ ಇಟ್ಟುಕೊಂಡು ಬೆಳಿಗ್ಗೆ ಮನೆಮನೆಗೆ ಮೀನು ಮಾರುವವನು. ಹಾರ್ನ್ ಹೊಡೆದರೆ ಮೊದಲು ಬೆಕ್ಕುಗಳು ಬರುತ್ತವೆ, ಆಮೇಲೆ ಹೆಂಗಸರು ಪಾತ್ರೆ ಹಿಡಿದು ಬರುತ್ತಾರೆ. ಈರುಳ್ಳಿಯನ್ನೂ ಮುಟ್ಟದ ಕಮಲಕ್ಕ ಒಂದು ಬೆಳಿಗ್ಗೆ ಮೂಗಿಗೆ ಸೆರಗು ಹಿಡಿದು ಅವನ ರಿಕ್ಷಾದ ಪಕ್ಕ ನಿಂತರು.

"ಅಕ್ಕ, ಬಂಗುಡೆ ಕೊಡ್ಲಾ?" ಎಂದು ನಿಝಾರ್ ತಮಾಷೆ ಮಾಡಿದ.

"ನೀನು ಯಾರ ಮನೆಗೆ ಮುಳ್ಳು ತೆಗೆದು ಕೊಡ್ತಿ, ಅದು ಹೇಳು."

ನಿಝಾರ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಕ್ಕಡಿ ಕೆಳಗಿಟ್ಟ. ಚಿಕ್ಕ ಮಕ್ಕಳಿರುವ ಮನೆಯವರು ನಂಗ್ ಮೀನು ತೆಗೆದುಕೊಂಡು ನಡುವಿನ ಮುಳ್ಳು ಎಳೆದುಕೊಡು ಎನ್ನುತ್ತಾರೆ. ಆದರೆ ಮಕ್ಕಳೇ ಇಲ್ಲದ ಮೂರು ಮನೆಗಳಲ್ಲಿ ವರ್ಷಗಳಿಂದ ಹಾಗೆ ಕೇಳುತ್ತಿದ್ದರು, ಅದೂ ಒಬ್ಬರಿಗೆ ಆಗುವಷ್ಟು ಮಾತ್ರ. ಅವನು ಯಾಕೆಂದು ಕೇಳಿದವನಲ್ಲ. ಮುಳ್ಳು ತೆಗೆದು ಕೊಟ್ಟವನು ಅಷ್ಟೇ. ಕಮಲಕ್ಕ ಆ ಮೂರು ಮನೆಗೆ ಹೋಗಿ, "ಹಾಗೆ ಯಾರೂ ಇಲ್ಲ" ಎಂದವರ ಹತ್ತಿರ, "ಹಾಗಾದ್ರೆ ಮುಳ್ಳಿಲ್ಲದ ನಂಗ್ ಯಾರಿಗೆ?" ಎಂದು ಕೇಳಿದರು. ಮೂರೂ ಮನೆಯಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ಹೀಗೆ ಒಂಬತ್ತಾಯಿತು. ಮೀನು ತಿನ್ನದ ಹೆಂಗಸು ಮೀನಿನಿಂದಲೇ ಜನ ಹುಡುಕಿದ್ದನ್ನು ನಾನು ಎಷ್ಟೋ ಮಂದಿಗೆ ಹೇಳಿ ನಕ್ಕಿದ್ದೇನೆ. ಅದರಲ್ಲಿದ್ದ ತಪ್ಪು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಒಂದು ವಾರದ ನಂತರ ಕಮಲಕ್ಕ ಹತ್ತು ಹೆಸರಿನ ಪಟ್ಟಿ ತಂದರು. ಎರಡು ಪುಟ. ನಾನು ಮೊದಲ ಪುಟ ನೋಡಿ, ಎರಡನೆಯದರಲ್ಲಿ ಸಹಿ ಹಾಕಿದೆ. ಓದಲಿಲ್ಲ. ಕಡತ ಓದದ ಜಾತಿ ನಮ್ಮದು ಎಂದು ಆಗಲೇ ಹೇಳಿದ್ದೇನೆ.

ಅರ್ಧ ಗಂಟೆಯ ಸಮಸ್ಯೆಗೂ ಅವರೇ ದಾರಿ ಹುಡುಕಿದ್ದರು. ನಾನು ಎಲ್ಲೂ ಕೂರಬಾರದು, ಚುಚ್ಚಿ ಮುಂದೆ ಹೋಗಬೇಕು. ಒಂದನೇ ಮನೆಯಲ್ಲಿ ಆಶಾ ಕಾರ್ಯಕರ್ತೆ ರಶೀನಾ ಕೂರುವುದು, ಎರಡನೇ ಮನೆಯಲ್ಲಿ ಕಮಲಕ್ಕ ಕೂರುವುದು. ರಶೀನಾ ಅರ್ಧ ಗಂಟೆ ಮುಗಿಸಿ ತನ್ನ ಸ್ಕೂಟಿಯಲ್ಲಿ ಎರಡನೆಯದನ್ನು ಬಿಟ್ಟು ಮೂರನೇ ಮನೆಗೆ ಬರುವುದು, ಕಮಲಕ್ಕ ನಾಲ್ಕನೆಯದಕ್ಕೆ. "ಅವರು ಆರೋಗ್ಯ ಇಲಾಖೆಯವರಲ್ಲವಲ್ಲ" ಎಂದು ಡಾಕ್ಟರು ತಕರಾರು ತೆಗೆದರು. ಕಮಲಕ್ಕ ಕವರು ತೆಗೆಯಲು ಕೈ ಹಾಕಿದ್ದೇ ತಡ, ಡಾಕ್ಟರು ಒಪ್ಪಿದರು. ಮೈ ತುರಿಸಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಎಂತ ನೋಡಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ನಾನು ಎರಡು ಸಂಜೆ ಕೂತು ಕಲಿಸಿದೆ. ಅವರು ಪರೀಕ್ಷೆಗೆ ಓದುವವರ ಹಾಗೆ ಬರೆದುಕೊಂಡರು.

ವಾಹನ ನಿಝಾರ್‌ನದ್ದೇ. ಅವನು ಮೀನು ಮುಗಿಸಿ, ರಿಕ್ಷಾ ತೊಳೆದು, ಮೂರು ವರ್ಷದ ಹಿಂದೆ ಕಳಚಿಟ್ಟಿದ್ದ ಸೀಟನ್ನು ಹುಡುಕಿ ಪುನಃ ಜೋಡಿಸಿಕೊಂಡು ಬಂದ. ಎಷ್ಟು ಸೋಪು ಹಾಕಿದ್ದನೋ, ಆದರೂ ಬೂತಾಯಿ ಮೀನಿನ ವಾಸನೆ ಹೋಗಿರಲಿಲ್ಲ. ಲಸಿಕೆಯ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಕೂತೆ. ಹನ್ನೊಂದು ಗಂಟೆಗೆ ಮೊದಲ ಮನೆಯಲ್ಲಿ ಬಾಟಲಿ ತೆರೆದೆ. ಮೂರು ಗಂಟೆಯವರೆಗೆ ಸಮಯ.

ಆ ಮಧ್ಯಾಹ್ನದ ಹಾಗೆ ನಾನು ಯಾವತ್ತೂ ಕೆಲಸ ಮಾಡಿಲ್ಲ. ನಿಝಾರ್ ಮನೆಯ ತಿರುವಿನಲ್ಲೇ ಹಾರ್ನ್ ಹೊಡೆಯುತ್ತಿದ್ದ. ಬೆಕ್ಕುಗಳು ಓಡಿ ಬಂದು ನನ್ನ ಬಿಳಿ ಸೀರೆಯನ್ನು ಸುತ್ತುತ್ತಿದ್ದವು. ಒಳಗೆ ಹೋಗಿ, ಹೆಸರು ಗಟ್ಟಿಯಾಗಿ ಓದಿ, ಚುಚ್ಚಿ, ಕೈಗೆ ಹತ್ತಿ ಒತ್ತಿ ಹೊರಡುವುದು. ಒಂದು ಮನೆಯಲ್ಲಿ ನಲವತ್ತು ವರ್ಷದ ಒಬ್ಬ ಗಂಡಸು, ಹುಟ್ಟಿನಿಂದ ಕೈಕಾಲು ಬಿಗಿದುಕೊಂಡವರು, ನನ್ನ ಮಾಸ್ಕನ್ನು ಎಳೆಯಲು ಕೈ ಚಾಚಿದರು. ಅವರ ತಾಯಿ, "ಹೊರಗಿನವರ ಮುಖ ಅವನು ನೋಡದೆ ತುಂಬ ದಿನ ಆಯ್ತು" ಎಂದರು. ನಾನು ದೂರ ನಿಂತು ಮಾಸ್ಕ್ ಇಳಿಸಿ ಒಂದು ಗಳಿಗೆ ಮುಖ ತೋರಿಸಿದೆ. ಅದು ನಿಯಮಕ್ಕೆ ವಿರುದ್ಧ ಎಂದು ಯಾರಾದರೂ ಹೇಳುವುದಿದ್ದರೆ ನನ್ನಲ್ಲಿ ನೇರವಾಗಿ ಹೇಳಲಿ.

ಎರಡು ಗಂಟೆ ಐದು ನಿಮಿಷಕ್ಕೆ ಒಂಬತ್ತನೇ ಮನೆ ಮುಗಿಯಿತು. ರಶೀನಾ ಅಲ್ಲಿ ಕೂತಳು. ಎಂಟನೇ ಮನೆಯ ಅರ್ಧ ಗಂಟೆ ಮುಗಿಸಿ ಬಂದ ಕಮಲಕ್ಕ ಹೊರಗೆ ಸ್ಕೂಟರಿನಲ್ಲಿ ಕೂತು ನೀರು ಕುಡಿಯುತ್ತಿದ್ದರು.

"ಹತ್ತನೆಯದು ಯಾವ ಮನೆ?" ಎಂದು ಕೇಳುತ್ತಾ ನಾನು ಎರಡನೇ ಪುಟ ತಿರುಗಿಸಿದೆ. ಅಲ್ಲಿ ಬರೆದಿತ್ತು: ಮುಂಡಪ್ಪ, ೫೮, ಬೆನ್ನುಹುರಿ ಪೆಟ್ಟು.

ನಿಝಾರ್ ರಿಕ್ಷಾದ ಕನ್ನಡಿ ಒರೆಸಲು ಹೋದ.

"ಒಂಬತ್ತಾದರೆ ಕೊಡ್ಲಿಕ್ಕಿಲ್ಲ ಅಂದ್ರಲ್ಲ" ಎಂದರು ಕಮಲಕ್ಕ. "ಹತ್ತು ಮಾಡಿದೆ."

"ಸತ್ತವರಿಗೆ ಲಸಿಕೆ ಕೊಡ್ಲಿಕ್ಕುಂಟಾ ಕಮಲಕ್ಕ?"

"ಬದುಕಿದ್ದಾಗ ಕೊಡ್ಲಿಲ್ಲವಲ್ಲ."

ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಅಳು ಬಂತು. ಇಷ್ಟು ತಿಂಗಳು ಅವರು ಒಳಗೆ ಇಟ್ಟುಕೊಂಡಿದ್ದ ಮಾತು ಅದು, ನಾನು ಕಾಯುತ್ತಿದ್ದ ಮಾತೂ ಅದೇ. ನಾನು ಮೋರೆ ತಿರುಗಿಸಿ ನಿಂತೆ. ಕಮಲಕ್ಕ ಸ್ಕೂಟರಿನಿಂದ ಇಳಿದು ಕಾಲೆಳೆದುಕೊಂಡು ಬಂದು ನನ್ನ ಪಕ್ಕ ನಿಂತರು.

"ಅತ್ತುಕೊಂಡು ಕೂತರೆ ಗಂಟೆ ಮೂರಾಗ್ತದೆ ಸಿಸ್ಟರ್. ಬಾಟಲಿಯಲ್ಲಿ ಉಳಿದದ್ದು ಮುಂಡಪ್ಪಣ್ಣನ ಪಾಲಿನದ್ದು. ಅದನ್ನು ಚೆಲ್ಲಲಿಕ್ಕೆ ನಾನು ಬಿಡುವುದಿಲ್ಲ. ನಿಝಾರ್, ನಿನ್ನ ರಿಕ್ಷಾ ನಿಲ್ಲುವ ಮನೆ ಎಲ್ಲ ಆಯ್ತಾ?"

"ಎಲ್ಲ ಆಯ್ತು ಅಕ್ಕ. ನಿಲ್ಲಿಸದ ಮನೆಯ ಸಂಗತಿ ನನಗೆ ಹೇಗೆ ಗೊತ್ತಾಗ್ಬೇಕು?"

"ಯಾವುದು ನಿಲ್ಲಿಸದ ಮನೆ?"

ನಿಝಾರ್ ನನ್ನನ್ನೊಮ್ಮೆ ನೋಡಿ ಮೆಲ್ಲಗೆ ಹೇಳಿದ: "ನಿಮ್ಮ ಜೈನರ ಮನೆಗಳು ಅಕ್ಕ. ಅಲ್ಲಿ ನನ್ನ ಮೀನಿಗೆ ಎಂತ ಕೆಲಸ?"

ಕಮಲಕ್ಕನ ಕೈಯಲ್ಲಿದ್ದ ನೀರಿನ ಬಾಟಲಿ ಹಾಗೇ ನಿಂತಿತು. ಊರಿಡೀ ಹುಡುಕಿದ್ದೇನೆ ಎಂದುಕೊಂಡಿದ್ದ ಹೆಂಗಸಿಗೆ, ತನ್ನ ಮನೆಗೂ ಮೀನಿನ ರಿಕ್ಷಾ ಬರುವುದಿಲ್ಲ ಎಂಬುದು ಆಗ ನೆನಪಾಯಿತು. ಆಮೇಲೆ, "ಆದಿರಾಜ ಮಾವನ ಮನೆ" ಎಂದರು.

ಹೊರಡುವ ಮೊದಲು ನನಗೆ ವಿಷಯ ಹೇಳಿದರು. ಆದಿರಾಜ ಅವರು ಮಡಂತ್ಯಾರಿನಲ್ಲಿ ರಬ್ಬರ್ ವ್ಯಾಪಾರ ಮಾಡುವವರು, ಕಮಲಕ್ಕನ ಚಿಕ್ಕಮ್ಮನ ಕಡೆಯ ಸಂಬಂಧ. ಪೂಜೆಗೆ, ಊಟಕ್ಕೆ ಹನ್ನೆರಡು ವರ್ಷದಿಂದ ಕಮಲಕ್ಕ ಆ ಮನೆಗೆ ಹೋಗುತ್ತಿದ್ದಾರೆ. ಮುಂದಿನ ಮೆಟ್ಟಿಲು ಹತ್ತುವುದು ಕಷ್ಟವೆಂದು ಹಿಂದಿನ ಬಾಗಿಲಿನಿಂದ ಹೋಗುತ್ತಾರೆ. ಹಿಂದೆ ಹಗ್ಗದಲ್ಲಿ ಯಾವಾಗಲೂ ದೊಡ್ಡ ದೊಡ್ಡ ಚೌಕದ ಹತ್ತಿ ಬಟ್ಟೆಗಳು ಒಣಗುತ್ತಿರುತ್ತವೆ. ಮಗುವಿಗೆ ಕಟ್ಟುವಂಥವು, ಆದರೆ ಮಗುವಿನ ಅಳತೆಯವಲ್ಲ.

"ನೋಡ್ತಿದ್ದೆ. ಕೇಳ್ಲಿಲ್ಲ" ಎಂದರು. "ಕೇಳುವವರನ್ನು ಕಂಡರೆ ನನಗೇ ಆಗುವುದಿಲ್ಲ ಅಂತ, ನಾನೂ ಕೇಳ್ಲಿಲ್ಲ. ಬೇರೆಯವರ ಮನೆಗೆ ಹೋಗಿ ಮೀನಿನ ಲೆಕ್ಕ ಕೇಳಿದೆ. ನಮ್ಮವರ ಮನೆಯಲ್ಲಿ ಮರ್ಯಾದೆ ಅಂತ ಸುಮ್ಮನಿದ್ದೆ."

ನಾವು ತಲುಪಿದಾಗ ಎರಡು ಮೂವತ್ತೈದು. ತಂತಿಯಲ್ಲಿ ರಬ್ಬರ್ ಶೀಟುಗಳು ನೇತಾಡುತ್ತಿದ್ದ ಅಂಗಳ, ತಾರಸಿ ಮನೆ. ಆದಿರಾಜ ಅವರು ಗೇಟಿನವರೆಗೆ ಬಂದರು. ಅರವತ್ತು ದಾಟಿದ, ಮೃದು ಮಾತಿನ ಮನುಷ್ಯ. ಮೀನಿನ ರಿಕ್ಷಾವನ್ನು ನೋಡಿ, "ಗಾಡಿ ಹೊರಗೇ ಇರ್ಲಿ" ಎಂದರು. ನಾವಿಬ್ಬರು ನಡೆದು ಒಳಗೆ ಹೋದೆವು.

"ಮಾವ," ಎಂದರು ಕಮಲಕ್ಕ, ಪೀಠಿಕೆ ಇಲ್ಲದೆ, "ಹಿಂದಿನ ಹಗ್ಗದಲ್ಲಿ ಒಣಗುವ ಬಟ್ಟೆ ಯಾರದ್ದು?"

ಒಳಗೆ ಪಾತ್ರೆಯ ಸದ್ದು ನಿಂತಿತು.

"ನಾನು ಹನ್ನೆರಡು ವರ್ಷದ ಹಿಂದೆಯೇ ಕೇಳ್ಬೇಕಿತ್ತು. ಕೇಳದ್ದು ನನ್ನ ತಪ್ಪು. ಈಗ ಕೇಳ್ತಾ ಇದ್ದೇನೆ. ಒಂದು ಡೋಸ್ ಉಂಟು. ಇಪ್ಪತ್ತೈದು ನಿಮಿಷ ಉಂಟು."

ಆದಿರಾಜ ಅವರು ಜಗಲಿಯಲ್ಲಿ ಕೂತರು. ಕೂತೇ ಹೇಳಿದರು: ಚಿಕ್ಕ ಮಗಳು ಹುಟ್ಟಿದಾಗಿನಿಂದ ಹಾಗೆ. ಕೂರಲು ಆಗುವುದಿಲ್ಲ, ಮಾತಿಲ್ಲ, ಎಲ್ಲ ಗೊತ್ತಾಗುತ್ತದೆ. ದೊಡ್ಡವಳು ಸಾಧನಾಳಿಗೆ ಸಂಬಂಧ ನೋಡುತ್ತಿದ್ದಾರೆ. ಎರಡು ಕಡೆಯಿಂದ ತಪ್ಪಿಹೋಗಿದೆ. "ಸರ್ಕಾರದ ಪಟ್ಟಿಯಲ್ಲಿ ಹೆಸರು ಬಂದರೆ ನಾಳೆ ಊರಿಗೇ ಗೊತ್ತಾಗ್ತದೆ ಕಮಲ" ಎಂದರು. ಅವರ ಕಣ್ಣು ನನ್ನ ಕೈಯ ಕಾಗದದ ಮೇಲೆ ಬಿತ್ತು. ವ್ಯಾಪಾರಸ್ಥರು, ಕೂಡಲೇ ಓದಿಬಿಟ್ಟರು. "ಇದು ಮುಂಡಪ್ಪ ಅಲ್ವಾ? ಅವರು ಇಲ್ಲವಲ್ಲ. ಹಾಗಾದ್ರೆ ಅದೇ ಹೆಸರಲ್ಲಿ ಹೋಗ್ಲಿ. ನಿಮ್ಮ ಪಟ್ಟಿಯೂ ಸರಿಯಾಗ್ತದೆ, ನಮ್ಮ ಮಗುವಿಗೂ ಸಿಗ್ತದೆ. ಯಾರಿಗೂ ತೊಂದರೆ ಇಲ್ಲ."

ನಿಜ ಹೇಳುತ್ತೇನೆ, ನನಗೆ ಆ ಮಾತು ಸರಿ ಎಂದೇ ಕಂಡಿತು. ಹತ್ತು ಹೆಸರು, ಹತ್ತು ಡೋಸ್, ಚೆಲ್ಲಿದ್ದು ಸೊನ್ನೆ. ಡಾಕ್ಟರು ಕೇಳುವುದಿಲ್ಲ, ಮೇಲಿನವರು ಕೇಳುವುದಿಲ್ಲ. ಮುಂಡಪ್ಪನಿಗೆ ನಾನು ಕೊಡದೇ ಹೋದದ್ದು ಕಾಗದದಲ್ಲಾದರೂ ಕೊಟ್ಟ ಹಾಗಾಗುತ್ತದೆ. ನಾನು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದೆ.

ಕಮಲಕ್ಕ ನನ್ನ ಕೈ ಹಿಡಿದರು.

"ಬೇಡ ಸಿಸ್ಟರ್."

"ಗಂಟೆ ನೋಡಿ ಮಾರಾಯ್ತಿ."

"ನೋಡಿದ್ದೇನೆ. ಮಾವ, ಇವತ್ತು ಹೆಸರಿಲ್ಲದೆ ಚುಚ್ಚಿದರೆ ಎರಡನೇ ಡೋಸಿಗೆ ನಾನು ಯಾರನ್ನು ಹುಡುಕಿಕೊಂಡು ಬರ್ಲಿ? ನಾಳೆ ಗಾಲಿಕುರ್ಚಿ ಬೇಕು ಅಂತ ಯಾರ ಹೆಸರಲ್ಲಿ ಬರೀಲಿ? ಮುಂಡಪ್ಪಣ್ಣನ ಹೆಸರು ನಾನು ಬರೆದದ್ದು ಬಾಟಲಿ ತರ್ಲಿಕ್ಕೆ. ಬದುಕಿರುವವಳನ್ನು ಅದರ ಹಿಂದೆ ಅಡಗಿಸ್ಲಿಕ್ಕೆ ಅಲ್ಲ. ಹೆಸರು ಹೇಳಿದರೆ ಕೊಡುವ. ಇಲ್ಲದಿದ್ದರೆ ನಾನೇ ಚೆಲ್ಲಿ ವಿವರಣೆ ಬರೀತೇನೆ."

ಅವರು ಹಾಗೆ ಮಾಡುವವರೇ. ನನಗೆ ಅದರಲ್ಲಿ ಸಂಶಯ ಇರಲಿಲ್ಲ, ಅದಕ್ಕೇ ಗಡಿಯಾರ ನೋಡುತ್ತಾ ನಿಂತೆ. ಎರಡು ನಲವತ್ತಾರು. ನಲವತ್ತೆಂಟು. ಗೇಟಿನ ಹೊರಗೆ ನಿಝಾರ್ ಸುಮ್ಮನೆ ನಿಂತಿದ್ದ.

ಆಗ ಒಳಗಿನಿಂದ ಆದಿರಾಜ ಅವರ ಹೆಂಡತಿ ಬಂದರು. ಕೈ ಒರೆಸಿಕೊಳ್ಳುತ್ತಾ ಗಂಡನನ್ನು ನೋಡದೆ ಮಾತಾಡಿದರು.

"ಮೇ ತಿಂಗಳಲ್ಲಿ ನನಗೆ ಕೊರೊನಾ ಬಂದಿತ್ತು. ಯಾರಿಗೂ ಹೇಳ್ಲಿಲ್ಲ. ಹದಿನಾಲ್ಕು ದಿನ ಎರಡು ಮಾಸ್ಕ್ ಕಟ್ಟಿಕೊಂಡು ನಾನೇ ಅವಳಿಗೆ ಉಣಿಸಿದ್ದು, ಎತ್ತಿದ್ದು, ಬಟ್ಟೆ ಬದಲಿಸಿದ್ದು. ಬೇರೆ ಯಾರಿಗೆ ಕೊಡ್ಲಿ? ಅವಳು ಇದ್ದಾಳೆ ಅಂತಲೇ ಯಾರಿಗೂ ಗೊತ್ತಿಲ್ಲವಲ್ಲ. ಪ್ರತಿ ಸಲ ಮುಟ್ಟುವಾಗ ಇದು ನನ್ನಿಂದ ಅವಳಿಗೆ ಹೋಗ್ತದೆ ಅಂತಲೇ ಎಣಿಸ್ತಿದ್ದೆ." ಅವರು ನನ್ನ ಕಡೆ ತಿರುಗಿದರು. "ಬರೀರಿ. ಬ್ರಾಹ್ಮಿ. ಇಪ್ಪತ್ತಾರು ವರ್ಷ."

ಆದಿರಾಜ ಅವರು ತಲೆ ತಗ್ಗಿಸಿದರು. ಬೇಡ ಎನ್ನಲಿಲ್ಲ. ನಾನು ಮುಂಡಪ್ಪನ ಹೆಸರಿಗೆ ಗೆರೆ ಎಳೆದು, ಕೆಳಗೆ ಬ್ರಾಹ್ಮಿ ಎಂದು ಬರೆದೆ. ಆಧಾರ್ ಇರಲಿಲ್ಲ. ಗುರುತಿನ ಚೀಟಿ ಇಲ್ಲದವರಿಗೂ ಲಸಿಕೆ ಕೊಡಲು ಬೇರೆ ದಾರಿ ಉಂಟು ಎಂದು ಕಮಲಕ್ಕ ನಡೆಯುತ್ತಲೇ ಹೇಳಿದರು, ಯಾವ ಪುಟದಲ್ಲಿ ಎಂಬುದನ್ನೂ ಹೇಳಿದರು.

ಒಳಕೋಣೆ ಸ್ವಚ್ಛವಾಗಿತ್ತು. ಕಿಟಕಿಗೆ ದಪ್ಪ ಪರದೆ. ತೆಳ್ಳಗಿನ ಹುಡುಗಿ, ಕೂದಲಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದರು. ಹೊರಗಿನವರು ಬಂದದ್ದು ನೋಡಿ ಅವಳ ಉಸಿರು ಜೋರಾಯಿತು. ಎರಡು ಐವತ್ತಮೂರಕ್ಕೆ ನಾನು ಚುಚ್ಚಿದೆ. ಖಾಲಿ ಬಾಟಲಿಯನ್ನು ಪೆಟ್ಟಿಗೆಗೆ ಹಾಕಿದೆ. ಕಮಲಕ್ಕ ಮಂಚದ ಪಕ್ಕ ನೆಲದಲ್ಲಿ, ಸೊರಗಿದ ಕಾಲನ್ನು ಉದ್ದಕ್ಕೆ ಚಾಚಿ ಕೂತು ಗಡಿಯಾರ ಕಟ್ಟಿದ ಕೈಯನ್ನು ಎದುರಿಗೆ ಹಿಡಿದರು. ಬ್ರಾಹ್ಮಿ ಅವರ ಕಾಲನ್ನೇ ನೋಡುತ್ತಿದ್ದಳು.

"ಎರಡು ವರ್ಷದವಳಿದ್ದಾಗ ಪೋಲಿಯೊ ಬಂದದ್ದು" ಎಂದರು ಕಮಲಕ್ಕ ಅವಳಿಗೆ. ಯಾರೂ ಕೇಳದೆ ಅವರು ಅದನ್ನು ಹೇಳಿದ್ದು ನಾನು ಕಂಡದ್ದು ಅದೊಂದೇ ಸಲ.

ಮರುದಿನ ಡಾಕ್ಟರು ನಮ್ಮಿಬ್ಬರನ್ನೂ ಕರೆಸಿದರು. ಸತ್ತವರ ಹೆಸರು ಪಟ್ಟಿಗೆ ಬಂದದ್ದು ಹೇಗೆ ಎಂದು ಲಿಖಿತ ವಿವರಣೆ ಬೇಕಂತೆ. ಕಮಲಕ್ಕ ಪೆನ್ನು ತೆಗೆದರು. ನಾನು ಅದನ್ನು ಕಿತ್ತುಕೊಂಡೆ. ಏಪ್ರಿಲ್‌ನಲ್ಲಿ ಇವರಿಗೆ ಮನೆಗೆ ಹೋಗಿ ಲಸಿಕೆ ಕೊಡಿ ಎಂದು ಕೋರಿಕೆ ಬಂದಿತ್ತು, ನಾನು ಕ್ಯಾಂಪಿಗೆ ತನ್ನಿ ಎಂದು ಹೇಳಿದೆ, ಮೇ ತಿಂಗಳಲ್ಲಿ ಅವರು ತೀರಿಕೊಂಡರು, ಹೆಸರಿದ್ದ ಪಟ್ಟಿಗೆ ಓದದೆ ಸಹಿ ಮಾಡಿದವಳೂ ನಾನೇ ಎಂದು ಬರೆದು ಕೊಟ್ಟೆ. ಡಾಕ್ಟರು ಎರಡು ಸಲ ಓದಿದರು. ಕಡತಕ್ಕೆ ಸೇರಿಸಿ, "ಇನ್ನು ಆರೇಳು ಮಂದಿ ಇದ್ದರೂ ಬಾಟಲಿ ತೆಗೀರಿ, ನಾನು ಉತ್ತರ ಕೊಡ್ತೇನೆ" ಎಂದರು. ಅದಕ್ಕೆ ಆದೇಶ ಬೇಡವಾ ಎಂದು ಕಮಲಕ್ಕ ಕೇಳಿದರು. ಡಾಕ್ಟರು ಬರೆದು ಕೊಡುವವರೆಗೆ ಅವರು ಏಳಲಿಲ್ಲ.

ಎರಡನೇ ಡೋಸ್ ಡಿಸೆಂಬರಿನ ಕೊನೆಯ ವಾರ. ಅದೇ ರಿಕ್ಷಾ, ಅದೇ ಸೀಟು. ಆದಿರಾಜ ಅವರ ಮನೆಯ ಹತ್ತಿರ ನಿಝಾರ್ ಅಭ್ಯಾಸದಂತೆ ಹೊರಗೇ ನಿಲ್ಲಿಸಿದ, ಹಾರ್ನ್ ಹೊಡೆಯಲಿಲ್ಲ. ಆದಿರಾಜ ಅವರು ಬಂದು ಗೇಟಿನ ಎರಡೂ ಬಾಗಿಲು ತೆರೆದು, "ಒಳಗೆ ತಾ, ಬಿಸಿಲಲ್ಲಿ ಎಂತಕ್ಕೆ ನಿಲ್ಲಿಸುವುದು" ಎಂದರು. ಆ ಮನೆಯ ಬೆಕ್ಕು ಮೂರು ಸುತ್ತು ರಿಕ್ಷಾ ಸುತ್ತಿತು.

ಬ್ರಾಹ್ಮಿ ಜಗಲಿಯಲ್ಲಿದ್ದಳು. ದಿಂಬುಗಳನ್ನು ಒತ್ತಿಟ್ಟು ಒರಗು ಕುರ್ಚಿಯಲ್ಲಿ ಮಲಗಿಸಿದ್ದರು, ರಸ್ತೆಗೆ ಕಾಣುವ ಹಾಗೆ. ಅಕ್ಕ ಸಾಧನಾ ಅವಳ ಕಾಲಿನ ಹತ್ತಿರ ಕೂತಿದ್ದಳು. ನಾನು ಪಟ್ಟಿ ತೆಗೆದು ಎಲ್ಲ ಮನೆಯಲ್ಲಿ ಓದುವ ಹಾಗೆಯೇ ಗಟ್ಟಿಯಾಗಿ ಓದಿದೆ: "ಹತ್ತು. ಬ್ರಾಹ್ಮಿ." ಅವಳು ಸದ್ದು ಮಾಡಿ ನನ್ನ ಕಡೆ ತಿರುಗಿದಳು. ಹೊರಗಿನವರ ಬಾಯಲ್ಲಿ ಅವಳು ತನ್ನ ಹೆಸರು ಕೇಳಿದ್ದು ಅದು ಎಷ್ಟನೇ ಸಲವೋ, ಬಹುಶಃ ಒಂದು ಕೈಯಲ್ಲಿ ಎಣಿಸಬಹುದು.

ಚುಚ್ಚಿ ಆಯಿತು. ಅರ್ಧ ಗಂಟೆ ಶುರುವಾಯಿತು. ಕಮಲಕ್ಕ ಪ್ಲಾಸ್ಟಿಕ್ ಕವರಿನಿಂದ ಗಾಲಿಕುರ್ಚಿಯ ಅರ್ಜಿ ತೆಗೆದು ಆದಿರಾಜ ಅವರ ಸಹಿ ಹಾಕಿಸಿದರು. ಆಮೇಲೆ ಇನ್ನೊಂದು ಬಿಳಿ ಹಾಳೆ ತೆಗೆದು, ಮೇಲೆ ಹನ್ನೊಂದು ಎಂದು ಬರೆದು ಪೆನ್ನು ಹಿಡಿದುಕೊಂಡು ಕೂತರು.

"ಮಾವ, ನಮ್ಮವರ ಪೈಕಿ ಇನ್ನು ಯಾರ ಮನೆಯಲ್ಲಿ ಹೀಗೆ ಇದ್ದಾರೆ?"

ಆದಿರಾಜ ಅವರು ಮಗಳನ್ನು ನೋಡಿದರು, ತೆರೆದಿದ್ದ ಗೇಟನ್ನು ನೋಡಿದರು. ಆಮೇಲೆ ಕಮಲಕ್ಕನ ಹತ್ತಿರ ಬಂದು ಕೂತು, ಎರಡು ಮನೆಯ ಹೆಸರು ಹೇಳಿದರು.